ಇಸ್ತ್ರಿಯಮ್ಮನಿಗೆ ನಾನು ಕೊಟ್ಟ ಗುಣವಾಚಕ

ಭಾನುವಾರ, ಸಂಜೆ

ಪ್ರೀತಿಯ ಪುಟ್ಟಿ,

ಹೀಗೆ ಕರೆಯುವ ಮುಖ ನನಗೆ ಉಳಿದಿಲ್ಲ. ಬೇರೆ ಹೇಗೆ ಕರೆಯಬೇಕೋ ಗೊತ್ತಿಲ್ಲದೆ ಹಾಗೇ ಕರೆಯುತ್ತಿದ್ದೇನೆ. ನೀನು ಫೋನ್ ಎತ್ತುತ್ತಿಲ್ಲ. ಭಾವನವರಿಗೆ ಮಾಡಿದರೆ, "ಸ್ವಲ್ಪ ದಿನ ಅವಳ ಪಾಡಿಗೆ ಬಿಟ್ಬಿಡಿ" ಎಂದು ಮೆತ್ತಗೆ ಇಟ್ಟುಬಿಟ್ಟರು. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೆ ಓದಿ ಆಮೇಲೆ ಹರಿ.

ಹೋಟೆಲಿನ ಲಾಂಡ್ರಿಗೆ ಹೊಸ ಮೇಲ್ವಿಚಾರಕಿ ಬೇಕು, ಅರ್ಜಿ ಹಾಕುವವರು ತಮ್ಮ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕೊಡಬೇಕು ಎಂದಾಗ ನೀನು ನನ್ನ ಹತ್ತಿರ ಬಂದೆ. ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ಹೇಳುವ ಅಣ್ಣ ಇರುವಾಗ ಇನ್ಯಾರ ಹತ್ತಿರ ಹೋಗುತ್ತೀಯ? ಬರೆದು ತಂದವಳು ನೀನೇ. ತಪ್ಪಿದ್ದರೆ ತಿದ್ದಿಕೊಡು ಎಂದೆ, ಅಷ್ಟೇ ಕೇಳಿದ್ದು.

ನೀನು ಬರೆದದ್ದು ಈಗ ನನಗೆ ಬಾಯಿಪಾಠ. ದೊಡ್ಡ ಔತಣದ ಹಿಂದಿನ ದಿನ ಯಂತ್ರ ಕೆಟ್ಟಿತು. ನಾವೆಲ್ಲ ಸೇರಿ ಮೇಜಿನ ಬಟ್ಟೆಗಳನ್ನು ಕೈಯಲ್ಲಿ ಒಗೆದೆವು. ಇಸ್ತ್ರಿಯಮ್ಮ ಇಸ್ತ್ರಿ ಮಾಡಿದರು. ಔತಣದ ಹೊತ್ತಿಗೆ ಎಲ್ಲ ಮುಗಿಯಿತು. ಇದರಲ್ಲಿ ಇದ್ದದ್ದು ಒಂದೇ ತಪ್ಪು. 'ವಿ ವರ್ಕ್ಡ್ ಗುಡ್' ಎಂದು ನೀನು ಬರೆದಿದ್ದೆ. ಕೆಲಸ ಹೇಗೆ ನಡೆಯಿತು ಎಂದು ಹೇಳುವ ಕಡೆ ಗುಣವಾಚಕ ಬರುವುದಿಲ್ಲ, ಕ್ರಿಯಾವಿಶೇಷಣ ಬರಬೇಕು. 'ಗುಡ್' ಹೊಡೆದು 'ವೆಲ್' ಎಂದು ನಾನು ತಿದ್ದಿದೆ. ಅಲ್ಲಿಗೆ ಪೆನ್ನಿನ ಮುಚ್ಚಳ ಹಾಕಿದ್ದರೆ ಈ ಕಾಗದ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಆದರೆ ನನ್ನ ಕೈ ಸುಮ್ಮನೆ ಇರುವ ಜಾತಿಯದೇ? ನನ್ನ ಪಾಠ ನಿನಗೂ ಗೊತ್ತು. ನಾಮಪದ ಕಂಡರೆ 'ಎಂಥದು' ಎಂದು ಕೇಳಿ, ಕ್ರಿಯಾಪದ ಕಂಡರೆ 'ಹೇಗೆ' ಎಂದು ಕೇಳಿ, ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಯಾವುದನ್ನೂ ಬೋಳಾಗಿ ಬಿಡಬೇಡಿ ಎಂದು ಬೋರ್ಡಿನ ಮೇಲೆ ಅಡಿಗೆರೆ ಎಳೆಯುತ್ತೇನೆ. ಒಬ್ಬರನ್ನು ಹೊಳೆಯಿಸಬೇಕಾದರೆ ಪಕ್ಕದಲ್ಲಿ ಒಬ್ಬರು ಮಂಕಾಗಿರಬೇಕು ಎನ್ನುವುದೂ ನನ್ನದೇ ಸಂಶೋಧನೆ. ನಿನ್ನ 'ನಾವೆಲ್ಲ' ತೆಗೆದು 'ನಾನು' ಹಾಕಿದೆ. ಒಗೆದೆ ಎನ್ನುವ ಪದಕ್ಕೆ ದಣಿವಿಲ್ಲದೆ ಎಂಬ ಅರ್ಥದ 'ಟೈರ್‌ಲೆಸ್ಲಿ' ಜೋಡಿಸಿದೆ. ನಿನ್ನ ಎದುರಿಗೆ ಒಬ್ಬರು ಮಂಕಾಗಿರಬೇಕಿತ್ತಲ್ಲ, ಪುಟದಲ್ಲಿ ಇದ್ದದ್ದು ಇಸ್ತ್ರಿಯಮ್ಮ ಒಬ್ಬರೇ. ಅವರಿಗೆ 'ಸ್ಲೋ', 'ಕೇರ್‌ಲೆಸ್' ಎಂಬ ಎರಡು ಗುಣವಾಚಕ ಕೊಟ್ಟೆ. ಎರಡೂ ನಾಮಪದಕ್ಕೆ ಮುಂಚೆ ಸರಿಯಾದ ಜಾಗದಲ್ಲೇ ಕೂತವು. ವ್ಯಾಕರಣದಲ್ಲಿ ಯಾರೂ ಬೆರಳಿಟ್ಟು ತೋರಿಸುವಂಥ ತಪ್ಪು ಇರಲಿಲ್ಲ, ಅದನ್ನು ನೋಡಿ ಖುಷಿಪಟ್ಟೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಟೈಪ್ ಮಾಡಿ ಕೊಟ್ಟಾಗ ನೀನು ಓದಲು ಹೊರಟೆ. "ನಾನು ನೋಡಿದ ಮೇಲೆ ಇನ್ನೇನು ನೋಡ್ತೀಯ, ಸಹಿ ಹಾಕು, ಬಸ್ಸು ತಪ್ಪತ್ತೆ" ಎಂದೆ. ನೀನು ನಕ್ಕು, "ಆಯ್ತು ಡಿಕ್ಷನರಿ ಅಣ್ಣ" ಎಂದು ಸಹಿ ಹಾಕಿದೆ. ಆ ನಗು ನೆನಪಾದರೆ ತಲೆ ಎತ್ತಲಾಗುವುದಿಲ್ಲ.

ಹುದ್ದೆ ನಿನಗೇ ಬಂತು. ಮ್ಯಾನೇಜರು ಬೆಳಗಿನ ಸಭೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬರೆದರೆ ಹೀಗೆ ಬರೆಯಬೇಕು ಎಂದು ಆ ಪುಟ ಓದಿ, ಸಾಲು ಸಾಲಿಗೂ ಅರ್ಥ ಬಿಡಿಸಿ ಹೇಳಿದರು. ತನ್ನ ಬಗ್ಗೆ ಏನಿದೆ ಎಂದು ಇಸ್ತ್ರಿಯಮ್ಮ ಅಲ್ಲೇ ನಿಂತು ಕೇಳಿಸಿಕೊಂಡರು. ವಾರ ಕಳೆಯುವುದರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಜೊತೆಯವರು ನಿನ್ನ ಹತ್ತಿರ ಊಟಕ್ಕೆ ಕೂರುವುದನ್ನು ಬಿಟ್ಟರು. ಗುರುವಾರ ನೀನು ಬಂದು ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟು, "ನಂಗೆ ಇಸ್ತ್ರಿಪೆಟ್ಟಿಗೆ ಹಿಡಿಯೋದು ಕಲಿಸಿದ್ದೇ ಅವರು, ಅಣ್ಣ" ಎಂದೆ. ನಾನು ಶೈಲಿ ಗೀಲಿ ಎಂದು ಏನೋ ತೊದಲಿದೆ. ನೀನು ನೀರೂ ಕುಡಿಯದೆ ಹೋದೆ.

ಶುಕ್ರವಾರ ನಾನು ಅವರ ಮನೆಗೆ ಹೋಗಿದ್ದೆ. ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ, ಕಿಟಕಿಯ ಪಕ್ಕ ಮಂಚ. ಒಣಗಿದ ಹೊದಿಕೆ ಮಡಿಸುತ್ತಿದ್ದರು. ನಾನು ಯಾರು ಎಂದು ಕೇಳುವ ಮೊದಲೇ, "ಬಾ, ಆ ಕಡೆ ತುದಿ ಹಿಡ್ಕೋ" ಎಂದರು. ಹಿಡಿದೆ. ಎರಡು ಸಲ ಅಡ್ಡ ಮಡಿಸಿದೆ, ಎರಡು ಸಲವೂ ಬಿಚ್ಚಿಸಿದರು. ಹೊದಿಕೆ ಮಧ್ಯೆ ಇರುವಾಗಲೇ ಹೇಳಿಬಿಟ್ಟೆ: ನಾನು ಪುಟ್ಟಿಯ ಅಣ್ಣ, ಆ ಪುಟದಲ್ಲಿ ನಿಮ್ಮ ಬಗ್ಗೆ ಹಾಗೆ ಬರೆದದ್ದು ನಾನು, ಅವಳಿಗೆ ಗೊತ್ತೇ ಇರಲಿಲ್ಲ.

"ಓ, ಇಂಗ್ಲಿಷ್ ಮೇಷ್ಟ್ರು ನೀನೇನಾ? ನಮ್ಮಣ್ಣ ನಮ್ಮಣ್ಣ ಅಂತ ದಿನಾ ಹೇಳೋಳು" ಎಂದರು. ಕೈಯಲ್ಲಿದ್ದ ತುದಿಯನ್ನು ನನ್ನ ತುದಿಗೆ ತಂದು ಸೇರಿಸಿ, ಹತ್ತಿರದಿಂದ ನನ್ನ ಮುಖ ನೋಡಿದರು. "ಹೌದಪ್ಪಾ, ನಾನು ಕೆಲಸ ಮಾಡೋದನ್ನ ನೀನು ಯಾವಾಗ ನೋಡಿದ್ದೆ?"

ಬೈದಿದ್ದರೆ ಎಷ್ಟೋ ಸುಖವಿತ್ತು ಪುಟ್ಟಿ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೋಡಿಲ್ಲಮ್ಮ ಎಂದೆ. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು, "ಅವಳಿಗೆ ಹೊತ್ತು ಹೊತ್ತಿಗೆ ಊಟ ಮಾಡು ಅಂತ ಹೇಳು. ನಿನ್ನ ಬಗ್ಗೆ ನಾನೇನೂ ಹೇಳಲ್ಲ, ನೀನು ಎಂಥವನೋ ನಂಗೇನು ಗೊತ್ತು" ಎಂದು ಹೊದಿಕೆಯನ್ನು ಪೆಟ್ಟಿಗೆಯೊಳಗೆ ಇಟ್ಟರು. ಮೆಟ್ಟಿಲು ಇಳಿದು ಬಂದು ಟೈಲರ್ ಅಂಗಡಿಯ ಕಟ್ಟೆಯ ಮೇಲೆ ಎಷ್ಟೋ ಹೊತ್ತು ಕೂತಿದ್ದೆ. ಇಷ್ಟು ವರ್ಷ 'ಎಂಥದು', 'ಹೇಗೆ' ಎಂದು ಕೇಳಿಸಿದ ಮೇಷ್ಟ್ರು ನಾನು. ಮೊದಲು ಹೋಗಿ ನೋಡಿ ಬನ್ನಿ, ಆಮೇಲೆ ಬರೆಯಿರಿ ಎಂದು ಒಂದು ಮಗುವಿಗೂ ಹೇಳಿದವನಲ್ಲ.

ನಿನ್ನೆ ಮ್ಯಾನೇಜರ ಹತ್ತಿರ ಹೋದೆ. ಹೊರಗೆ ಕಾಯುವಾಗ ನಿಮ್ಮ ಲಾಂಡ್ರಿಯ ಹೆಂಗಸರು ಗಾಲಿಬುಟ್ಟಿ ತಳ್ಳಿಕೊಂಡು ಹೋದರು, ನಾನು ಪೇಪರ್ ಅಡ್ಡ ಹಿಡಿದು ಮುಖ ಮುಚ್ಚಿಕೊಂಡೆ. ಒಳಗೆ ಹೋಗಿ, ಆ ಮಾತುಗಳು ನನ್ನವು, ತಂಗಿಯವಲ್ಲ, ಆ ಅಮ್ಮನ ಕೆಲಸ ನಾನು ನೋಡಿಯೇ ಇಲ್ಲ ಎಂದೆ. ಅವರು ಒಂದು ಮಾತು ಅಂದರು, ಅದು ಇಲ್ಲಿ ಬೇಡ. ಹೇಳಿದ್ದನ್ನು ಬರೆದು ಕೊಡಿ ಎಂದು ಹಾಳೆ ಮುಂದೆ ತಳ್ಳಿದರು. ಅವರ ಎದುರಿಗೇ ಕೂತು ಬರೆದೆ. ಬರೆದದ್ದು ಯಾರು, ನೋಡದೆ ಬರೆದದ್ದು ಏನು, ಆ ದಿನ ಒಗೆದವರ ಬಗ್ಗೆ ನೀನು ಮೊದಲು ಬರೆದಿದ್ದದ್ದು ಏನು, ಇಷ್ಟೇ. ಇಡೀ ಪುಟದಲ್ಲಿ ಒಂದೇ ಗುಣವಾಚಕ ಇದೆ: 'ಫಾಲ್ಸ್', ಸುಳ್ಳು. ಅದನ್ನು ನನ್ನ ಹಿಂದಿನ ಬರಹಕ್ಕೆ ಹಾಕಿದ್ದೇನೆ, ಅದು ಸರಿಯಾಗಿ ಕೂತಿದೆ.

ನಾಳೆ ಇಸ್ತ್ರಿಯಮ್ಮನಿಗೆ ಹೇಳಿ ಕಳಿಸುತ್ತಾರಂತೆ. ಬರುವುದು ಬಿಡುವುದು ಅವರಿಗೆ ಸೇರಿದ್ದು. ನಿನ್ನ ಹುದ್ದೆಯ ವಿಷಯ ಆಮೇಲೆ ನೋಡೋಣ ಎಂದರು. ಹೋದರೂ ಹೋಗಬಹುದು, ಆ ಪಾಪವೂ ನನ್ನ ತಲೆಗೇ. ಬರೆದುಕೊಟ್ಟದ್ದರ ಪ್ರತಿ ಜೊತೆಗಿದೆ. ನಿನ್ನ ಜೊತೆಯವರಿಗೆ ಗಟ್ಟಿಯಾಗಿ ಓದಿ ಹೇಳು. ನನ್ನ ಮರ್ಯಾದೆ ನೋಡಿಕೊಂಡು ಒಂದು ಪದವನ್ನೂ ನುಂಗಬೇಡ.

ಮನೆಗೆ ಬಾ ಎಂದು ಕರೆಯುವ ಧೈರ್ಯವಿಲ್ಲ. ಊಟ ಬಿಡಬೇಡ.

ನಿನ್ನ
ಅಣ್ಣ

ಮುಚ್ಚಿಟ್ಟದ್ದು: ಕವರ್ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಮ್ಯಾನೇಜರು ಅಂದ ಮಾತು ಇದು: "ಆವತ್ತು ಫೋನಲ್ಲಿ ಬೇರೆ ಥರ ಹೇಳಿದ್ರಲ್ಲ ಮೇಷ್ಟ್ರೇ." ಹೋಟೆಲಿನವರಿಗೂ ಪಾಠ ಹೇಳುವ ಆಸೆಯಿಂದ ನಿನ್ನ ಪುಟದ ಹಿಂಬದಿಯಲ್ಲಿ ನನ್ನ ಟ್ಯೂಷನ್ನಿನ ಹೆಸರು, ನಂಬರು ಹಾಕಿದ್ದೆ. ಇಸ್ತ್ರಿಯಮ್ಮನನ್ನು ತೆಗೆಯುವ ಮುಂಚೆ ಮ್ಯಾನೇಜರು ಆ ನಂಬರಿಗೆ ಫೋನ್ ಮಾಡಿದ್ದರು. ಬರಹವನ್ನು ಹೊಗಳಿ, ಆ ಹೆಂಗಸು ನಿಜವಾಗಿ ಅಷ್ಟು ನಿಧಾನವೇ ಎಂದು ಕೇಳಿದರು. ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು "ತುಂಬಾ ಸರ್" ಎಂದೆ.