ಎಡಗಡೆ ಸ್ಟೇರಿಂಗಿನ ಜೀಪು

ಹಳೇನಗರ, ಭದ್ರಾವತಿ
೨೨-೧-೧೯೬೧, ಭಾನುವಾರ

ಪ್ರೀತಿಯ ರಾಜಕ್ಕನಿಗೆ ತಮ್ಮ ಜಂಬಣ್ಣನ ನಮಸ್ಕಾರ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಜೀಪು ಓಡುತ್ತಿದೆ. ನಿನ್ನೆ ಶಂಕರಘಟ್ಟದವರೆಗೆ ಹೋಗಿ, ಎಲ್ಲೂ ನಿಲ್ಲದೆ ವಾಪಸು ಬಂತು. ನೀರು ಕುದಿಯಲಿಲ್ಲ, ಯಾರೂ ಹಿಂದಿನಿಂದ ತಳ್ಳಲಿಲ್ಲ. ಭಾವ ಮನೆಗೆ ಬಂದವರೇ ಎರಡು ತಟ್ಟೆ ಉಪ್ಪಿಟ್ಟು ತಿಂದು, ಕೈ ಕೂಡ ಸರಿಯಾಗಿ ಒರೆಸಿಕೊಳ್ಳದೆ ಚಾಪೆಯ ಮೇಲೆ ಮಲಗಿಬಿಟ್ಟರು. ನಾನು ಭಾವನ ಜೊತೆಗಿರಲು ಇಲ್ಲಿಗೆ ಬಂದ ಈ ಹದಿನೈದು ದಿನಗಳಲ್ಲಿ ಅವರು ಹಾಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಚಿಕ್ಕಮ್ಮನ ಮನೆಯ ತೊಟ್ಟಿಲ ಶಾಸ್ತ್ರಕ್ಕೆಂದು ಹೊರಟ ನೀನು, ರೇಷ್ಮೆ ಸೀರೆಗೆ ಗ್ರೀಸು ಮೆತ್ತಿಕೊಂಡು ಬಸ್ಸಿನಿಂದ ಇಳಿದು ಶಿವಮೊಗ್ಗದ ಅಮ್ಮನ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. "ಮಲವಗೊಪ್ಪದವರೆಗೂ ಬಡ್ಕೊಂಡೆ ಕಣಮ್ಮ, ಗಾಡಿ ಏನೋ ಕಟಕಟ ಅಂತಿದೆ, ನಿಲ್ಸಿ ಅಂತ. ತಿರುಗಿ ಕೂಡ ನೋಡ್ಲಿಲ್ಲ. ಆಮೇಲೆ ನಾನೇ ಇಳಿದು ತಳ್ಳಬೇಕಾಯ್ತು. ಆ ಡಬ್ಬಾ ನೆಟ್ಟಗೆ ಓಡೋವರೆಗೂ ನಾನು ಆ ಮನೆ ಹೊಸ್ತಿಲು ತುಳಿಯಲ್ಲ," ಎಂದೆ. ನಾನು ಅಡುಗೆಮನೆಯ ಬಾಗಿಲ ಹಿಂದೆ ಪುಸ್ತಕ ಹಿಡಿದುಕೊಂಡು ನಿಂತಿದ್ದೆ. ಆಗಲೇ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ಆ ಹಳೆಯ ಮಿಲಿಟರಿ ಜೀಪನ್ನು ಕೊಳ್ಳುವ ಮೊದಲು ಭಾವ ಯಾರನ್ನೂ ಕೇಳಲಿಲ್ಲ ಎಂದು ನೀನು ತಿಳಿದಿದ್ದೀಯ. ಅವರು ನನ್ನನ್ನು ಕೇಳಿದ್ದರು. ಮಾರುವವರ ಮನೆಗೆ ನನ್ನನ್ನೂ ಕರೆದುಕೊಂಡು ಹೋಗಿ, "ನೀನು ಪಕ್ಕದಲ್ಲಿ ಕೂತು ಎಂಜಿನ್ ಸದ್ದು ಕೇಳಪ್ಪ. ಸರಿ ಇದ್ಯೋ ಇಲ್ವೋ ಅಷ್ಟು ಹೇಳು, ಸಾಕು," ಎಂದಿದ್ದರು. ಯಂತ್ರದ ವಿಷಯ ಏನೂ ತಿಳಿಯದ ನನ್ನನ್ನು ಯಾಕೆ ಕೇಳಿದರು ಎಂದು ನಿನಗೆ ಅನ್ನಿಸಬಹುದು. ಕಾರಣವನ್ನು ನಿನಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಹೊಳೆಯ ಸೇತುವೆ ದಾಟಿ ನ್ಯೂಟೌನ್ ಸುತ್ತಿಕೊಂಡು ಬಂದೆವು. ಹೋಗುವಾಗ ಎಲ್ಲಾ ಸರಿಯಾಗಿತ್ತು. ಬರುವಾಗ ಸದ್ದಿನಲ್ಲಿ ಏನೋ ಒಂದು ಬಿಟ್ಟುಹೋದ ಹಾಗೆ ಕೇಳಿಸಿತು. ಕನ್ನಡ ಆನರ್ಸ್ ಓದಿದವನಿಗೆ ಪದ್ಯದ ಮಾತ್ರೆ ಎಣಿಸುವ ಚಟ ಹೋಗುವುದಿಲ್ಲ. ಬಸ್ಸಿನಲ್ಲಿ ಕೂತರೂ ಬೆರಳು ಮಡಚುತ್ತಿರುತ್ತೇನೆ. ಎಣಿಸಿದೆ. ನಾಲ್ಕು ಪೆಟ್ಟು ಬೀಳುವ ಕಡೆ ಮೂರು ಬಿದ್ದು ಒಂದು ಖಾಲಿ. ಮತ್ತೆ ಮೂರು, ಒಂದು ಖಾಲಿ. ಆದರೆ ಮಾರುವ ಯಜಮಾನರು ದೊಡ್ಡ ದನಿಯವರು. ಕಾಫಿ ಕೊಟ್ಟು, ಬೆನ್ನು ತಟ್ಟಿ, "ಏನಂತೀರಿ ಪಂಡಿತರೇ, ಕುದುರೆ ಅಲ್ವಾ ಇದು?" ಎಂದರು. ಅಲ್ಲಿ ಸೇರಿದ್ದ ಎಂಟು ಜನ ನನ್ನ ಮುಖವನ್ನೇ ನೋಡುತ್ತಿದ್ದರು. "ಚೆನ್ನಾಗಿದೆ," ಎಂದುಬಿಟ್ಟೆ. ಆ ಒಂದು ಮಾತಿನ ಮೇಲೆ ಭಾವ, ಕಾರ್ಖಾನೆ ಬಿಟ್ಟಾಗ ಬಂದ ಹಣದಲ್ಲಿ ಎರಡು ಸಾವಿರದ ಆರು ನೂರನ್ನು ಎಣಿಸಿ ಕೊಟ್ಟರು.

ಇಷ್ಟೆಲ್ಲಾ ಆದ ಮೇಲೂ ಅವರು ನಿನ್ನ ಮುಂದೆ ನನ್ನ ಹೆಸರು ಎತ್ತಲಿಲ್ಲ. ಬೈಸಿಕೊಂಡು ಸುಮ್ಮನಿದ್ದರು.

ಶಿವಮೊಗ್ಗದ ಗ್ಯಾರೇಜೊಂದರಲ್ಲಿ ತೋರಿಸಿದಾಗ, ಎಂಜಿನ್ ಪೂರ್ತಿ ಬಿಚ್ಚಿ ಹೊಸ ಪಿಸ್ಟನ್ ಹಾಕಬೇಕು, ಕ್ಲಚ್ಚು, ಬ್ರೇಕು ಎಲ್ಲಾ ಸೇರಿ ಒಂಬೈನೂರ ನಲವತ್ತು ಎಂದು ಬರೆದುಕೊಟ್ಟರು. ಭಾವ ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಾರನೆಯ ದಿನ ಚಳಿಯಲ್ಲಿ ಗಾಡಿ ಏನೂ ಆಗಿಲ್ಲವೇನೋ ಎನ್ನುವ ಹಾಗೆ ಸ್ಟಾರ್ಟ್ ಆಯಿತು. ಅದನ್ನು ಭದ್ರಾವತಿಗೆ ತಂದು ಹಳೇನಗರದ ಪುಟ್ಟಯ್ಯ ಮೇಸ್ತ್ರಿಯ ಷೆಡ್ಡಿನಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಗುಜರಿಯವನೊಬ್ಬ ಬಂದು, ಕಬ್ಬಿಣದ ತೂಕಕ್ಕೆ ಆರು ನೂರು ಕೊಡುತ್ತೇನೆ, ಸೋಮವಾರದೊಳಗೆ ಹೇಳಿ ಎಂದು ಹೋಗಿದ್ದ.

ರಿಪೇರಿಗೆ ಬಿಟ್ಟ ಗಾಡಿಯ ಹತ್ತಿರ ಮನೆಯವರೊಬ್ಬರು ಕೂತಿರಬೇಕಂತೆ. ಇಲ್ಲದಿದ್ದರೆ ಒಳ್ಳೆಯ ಸಾಮಾನು ಹೋಗಿ ಹಳೆಯದು ಬಂದು ಕೂರುತ್ತದಂತೆ. ಊರಿಗೆಲ್ಲ ಇರುವ ಈ ನಂಬಿಕೆಗೆ ನಾನು ಕಾವಲುಗಾರನಾದೆ. ಒಂದು ಸ್ಟೂಲು, ಒಂದು ಪುಸ್ತಕ. ಪುಟ್ಟಯ್ಯನಿಗೆ ಇದೆಲ್ಲಾ ಗೊತ್ತು. "ಏನ್ ಸ್ವಾಮಿ, ಬಿ.ಎ. ಮಾಡಿದ್ದು ನಮ್ಮ ನಟ್ಟು ಬೋಲ್ಟು ಕಾಯೋಕಾ? ಕಾಯಿರಿ ಕಾಯಿರಿ, ರೆಕ್ಕೆ ಬಂದು ಹಾರಿ ಹೋದಾವು," ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ.

ಎರಡು ದಿನ ಹುಡುಕಿದರೂ ಅವನಿಗೆ ರೋಗ ಸಿಗಲಿಲ್ಲ. ಷೆಡ್ಡಿನಲ್ಲಿ ನಿಂತ ಗಾಡಿ ಚೆನ್ನಾಗಿಯೇ ಇರುತ್ತಿತ್ತು. ಗುರುವಾರ ಮಧ್ಯಾಹ್ನ ಅವನು ಕೈ ಒರೆಸಿಕೊಳ್ಳುತ್ತಾ, "ಎಲ್ಲಾ ಬಿಚ್ಚಿದ್ರೆ ಶಿವಮೊಗ್ಗದವ್ರು ಹೇಳಿದ್ದೇ ಆಗೋದು, ಹಾಲಸ್ವಾಮೇರೆ. ನಿಮ್ಮಿಷ್ಟ," ಎಂದ. ಭಾವ ಸ್ವಲ್ಪ ಹೊತ್ತು ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ಗುಜರಿಯವನನ್ನು ಕಂಡು ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡರು.

ಅಕ್ಕಾ, ಆಗ ನಾನು ಎದ್ದು ನಿಂತೆ. ಪುಸ್ತಕ ಕೆಳಗೆ ಬಿತ್ತು. "ಅದು ತಣ್ಣಗಿದ್ದಾಗ ಗೊತ್ತಾಗಲ್ಲ. ಎರಡು ಮೂರು ಮೈಲಿ ಓಡಿ ಬಿಸಿಯಾದ ಮೇಲೆ ನಾಲ್ಕನೇ ಪೆಟ್ಟು ಬೀಳಲ್ಲ," ಎಂದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಪುಟ್ಟಯ್ಯ ತಿರುಗಿದ. "ಬಿಸಿಯಾದ್ಮೇಲಾ? ಯಾವಾಗಿಂದ?"

"ಕೊಂಡ ದಿನದಿಂದ."

"ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ಮಾರಾಯ?"

ಭಾವ ಬಾಗಿಲಲ್ಲೇ ನಿಂತಿದ್ದರು. ನನ್ನ ಹತ್ತಿರ ಬಂದು, ಬಿದ್ದ ಪುಸ್ತಕ ಎತ್ತಿಕೊಟ್ಟು, "ಕೇಳಿಸ್ತು ಕಣೋ. ಈಗಲಾದ್ರೂ ಹೇಳಿದ್ಯಲ್ಲ," ಎಂದರು. ಅಷ್ಟೇ.

ರೋಗ ಇಷ್ಟೇ ಆಗಿತ್ತು: ಒಂದು ವಾಲ್ವು, ಬಿಸಿಯಾದರೆ ತನ್ನ ತೂತಿನಲ್ಲಿ ಅಂಟಿಕೊಂಡು ಮೇಲೆಯೇ ನಿಂತು ಆ ಒಂದು ಪೆಟ್ಟನ್ನು ತಪ್ಪಿಸುತ್ತಿತ್ತು. ಸೋರುವ ರೇಡಿಯೇಟರು ಆ ಬಿಸಿಯನ್ನು ಇನ್ನೂ ಹೆಚ್ಚಿಸುತ್ತಿತ್ತು. ಪುಟ್ಟಯ್ಯ ಎಂಜಿನ್ನಿನ ಮುಚ್ಚಳ ಮಾತ್ರ ತೆಗೆದು, ಮಸಿ ಕೆರೆದು, ವಾಲ್ವಿಗೆ ಅರೆಯುವ ಪೇಸ್ಟು ಹಚ್ಚಿ, ಕಡ್ಡಿಯೊಂದನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವ ಹಾಗೆ ತಿರುಗಿಸುತ್ತಾ ಕೂತ. ಸಂಜೆಯ ಹೊತ್ತಿಗೆ ಆ ಕೆಲಸವನ್ನು ನನ್ನ ಕೈಗೂ ಕೊಟ್ಟ. ರೇಡಿಯೇಟರಿಗೆ ಬೆಸುಗೆ, ಬ್ರೇಕಿಗೆ ಹೊಸ ರಬ್ಬರು, ಮಜೂರಿ ಎಲ್ಲಾ ಸೇರಿ ನೂರ ಹನ್ನೆರಡು ರೂಪಾಯಿ.

ನಿನ್ನಿಂದ ಮುಚ್ಚಿಡುವುದು ಸಾಕು. ಸ್ಟೇರಿಂಗು ಇನ್ನೂ ಸಡಿಲವಾಗಿದೆ, ಹಿಂದಿನ ಸ್ಪ್ರಿಂಗಿನ ಪಟ್ಟಿ ಒಂದು ಸೀಳಿದೆ, ಮೇಲಿನ ಟಾರ್ಪಾಲು ಹರಿದಿದೆ. ಇವೆಲ್ಲಾ ನಿಧಾನವಾಗಿ ಆಗಬೇಕು. ಆದರೆ ರಸ್ತೆ ಕಂಟ್ರಾಕ್ಟರ್ ಕಲ್ಲಪ್ಪನವರು ನಾಳೆಯಿಂದಲೇ ದಿನಬಾಡಿಗೆಗೆ ಬರಲು ಹೇಳಿದ್ದಾರೆ. ಗಾಡಿ ಮಾರುವುದಿಲ್ಲವೆಂದು ಭಾವ ಗುಜರಿಯವನಿಗೆ ಹೇಳಿ ಕಳಿಸಿದ್ದಾಯಿತು.

ಬೈಯುವುದಿದ್ದರೆ ನನ್ನನ್ನು ಬೈಯಿ. ಎದುರು ನಿಂತು ಕೇಳುತ್ತೇನೆ, ಬಾಗಿಲ ಹಿಂದೆ ನಿಲ್ಲುವುದಿಲ್ಲ.

ಕೈಯ ಮಸಿ ಇನ್ನೂ ಹೋಗದ ನಿನ್ನ ತಮ್ಮ,
ಜಂಬಣ್ಣ

ಮರೆತ ಮಾತು: ಭಾವನಿಗೆ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ, ಒಂದು ಸಲ ಸುಮ್ಮನಿದ್ದು ಆದದ್ದೇ ಸಾಕು. ಹದಿನಾಲ್ಕು ವರ್ಷ ಕಾರ್ಖಾನೆಯ ಸುತ್ತಿಗೆಗಳ ಸದ್ದಿನಲ್ಲಿ ನಿಂತು ಅವರಿಗೆ ಬಲಗಿವಿ ಪೂರ್ತಿ ಹೋಗಿದೆ. ಕೆಲಸ ಬಿಟ್ಟದ್ದೂ ಅದಕ್ಕೇ, ನನ್ನನ್ನು ಸದ್ದು ಕೇಳಲು ಕರೆದದ್ದೂ ಅದಕ್ಕೇ. ನಿನಗೆ ಗೊತ್ತಾದರೆ ಕಣ್ಣೀರು ಹಾಕುತ್ತೀಯೆಂದು ಹೇಳಿಲ್ಲ. ಮಿಲಿಟರಿ ಜೀಪಿಗೆ ಸ್ಟೇರಿಂಗು ಎಡಗಡೆ ಇರುತ್ತದೆ ಅಕ್ಕಾ. ಮಲವಗೊಪ್ಪದವರೆಗೂ ನೀನು ಕೂತಿದ್ದು ಅವರ ಬಲಕ್ಕೆ. ಈ ಕಾಗದವನ್ನು ನಾನು ಅಂಚೆಗೆ ಹಾಕಿಲ್ಲ. ಅದನ್ನು ಅಮ್ಮನ ಕೈಗೆ ಕೊಟ್ಟ ಭಾವ ಒಳಗೆ ಬರಲು ಸಂಕೋಚಪಟ್ಟು ಬೀದಿಯಲ್ಲೇ, ಜೀಪಿನಲ್ಲಿ ಕೂತಿರುತ್ತಾರೆ. ಎಂಜಿನ್ ಆರಿಸಬೇಡಿ ಎಂದು ಹೇಳಿ ಕಳಿಸಿದ್ದೇನೆ. ಕಿಟಕಿಯ ಹತ್ತಿರ ನಿಂತು ಎಣಿಸಿ ನೋಡು. ನಾಲ್ಕೂ ಸರಿಯಾಗಿ ಬೀಳುತ್ತಿದ್ದರೆ ಹೋಗಿ ಮಾತಾಡಿಸು. ಎಡಗಡೆಯಿಂದ.