ನೋವಿಲ್ಲವೆಂದು ಒಪ್ಪಿದವಳಿಗೆ

ಅಮ್ಮಾ,

ಅಂಚೆಯೇ ಇಲ್ಲದ ಊರಿಗೆ ಹೋದವಳೇ, ಕೇಳು! ಇಂದು ಬೆಳಿಗ್ಗೆ, ನಾವು ಗಡಿ ದಾಟಿ ಬಂದ ಈ ಆಕ್ಸ್‌ನಾರ್ಡಿನ ಆಸ್ಪತ್ರೆಯಲ್ಲಿ ನಾನು ನೆಲ ಒರೆಸುತ್ತಿದ್ದಾಗ ಸ್ಟ್ರಾಬೆರಿ ತೋಟದ ಕೂಲಿ ಮುದುಕಿಯೊಬ್ಬಳನ್ನು ಹೊಟ್ಟೆನೋವೆಂದು ಕರೆತಂದರು. ಹೆಸರು ಎರ್ಮೆಲಿಂಡಾ. ನಮ್ಮ ಬೆಟ್ಟದವಳೇ, ನಮ್ಮ ಮಿಸ್ತೆಕೊ ನುಡಿಯವಳೇ. ನರ್ಸ್ ಮಾರಿಕ್ರೂಸ್ ಮಾತ್ರೆ ನುಂಗಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ಪ್ಯಾನಿಷ್‌ನಲ್ಲಿ ಗುಡುಗಿದಳು: "ಹೊಟ್ಟೆ ನೋವು ಹೋಯ್ತಾ ಅಜ್ಜಿ? ಮನೆಗೆ ಹೋಗ್ತೀಯಾ?"

ಮುದುಕಿ ತಲೆಬಾಗಿಸಿ "ಸೀ, ಸೀ" ಎಂದಳು. ಹೌದು, ಹೌದು! ಒಂದಕ್ಷರ ಅರ್ಥವಾಗದಿದ್ದರೂ ಆಸ್ಪತ್ರೆಯವರಿಗೆ ಇಲ್ಲವೆನ್ನಬಾರದೆಂಬ ನಮ್ಮವರ ಅದೇ ಮರ್ಯಾದೆ. ಕೈ ಮಾತ್ರ ಹೊಟ್ಟೆಯನ್ನು ಹಿಡಿದೇ ಇತ್ತು.

ನೀನೂ ಹಾಗೆಯೇ "ಸೀ" ಎಂದು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದೆಯಲ್ಲಮ್ಮಾ! ಅಂದು ಆಸ್ಪತ್ರೆಯವರು "ನಿಮ್ಮಮ್ಮಂದು ಯಾವ ಭಾಷೆ?" ಎಂದು ನನ್ನನ್ನು ಕೇಳಿದಾಗ, ಹದಿನೇಳರ ನಾನು, ಓಹಾಕಾ ಬೆಟ್ಟದ ಕಾಡುಜನವೆಂದು ನಮ್ಮ ಮೆಕ್ಸಿಕೊದವರೇ ನಗುತ್ತಾರೆಂದು ಹೆದರಿ, "ಸ್ಪ್ಯಾನಿಷ್" ಎಂದಿದ್ದೆ. ಮೂರನೆಯ ದಿನ ನೀನಿರಲಿಲ್ಲ.

ಇಂದು ಒರೆಸುವ ಕೋಲು ಬಿಸಾಡಿ ನಿನ್ನ ನುಡಿಯಲ್ಲಿ ಕೂಗಿದೆ: "ಅಜ್ಜೀ, ಎಲ್ಲಿ ನೋವು? ನಂಗೆ ಹೇಳು!"

"ಓಹೋ! ನೀನೂ ಬೆಟ್ಟ ಇಳಿದು ಬಂದವಳೇನೇ? ಇಷ್ಟು ದಿನ ರಾಣಿ ಥರ ಮೆರೀತಿದ್ದೆ!" ಎಂದು ಮಾರಿಕ್ರೂಸ್ ನಕ್ಕಳು. ನಗಲಿ! ಮುದುಕಿ ಹೇಳಿದ ನೋವನ್ನೆಲ್ಲ ನಾನು ಸ್ಪ್ಯಾನಿಷ್‌ನಲ್ಲಿ ಒಪ್ಪಿಸಿದೆ; ಡಾಕ್ಟರು ಓಡಿಬಂದರು. ಮುದುಕಿಯನ್ನು ಆಪರೇಷನ್ನಿಗೆ ಒಯ್ದರು.

ಒಳಹೋಗುವ ಮುನ್ನ ಅವಳು ನನ್ನ ಕೈ ಹಿಡಿದಳು. "ನಿಮ್ಮಮ್ಮ ಪುಣ್ಯವಂತೆ ಮಗಳೇ. ಕಾಯಿಲೆ ಬಿದ್ರೆ ಅವಳ ಮಾತು ಹೇಳೋಕೆ ನೀನಿರ್ತೀಯ, ಅಲ್ವಾ?"

ನಾನು ತಲೆಬಾಗಿಸಿ "ಸೀ" ಎಂದೆ.