ಮೂರನೇ ಸಾಲಿನ ತುದಿಯ ಕುರ್ಚಿ

ಅಪ್ಪಾ,

ಇವತ್ತು ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಹೋಗಿದ್ದೆ. ನೀನು ಹೋದಮೇಲೆ ಇದೇ ಮೊದಲು. ವಲಸೆ ಹಕ್ಕಿಗಳ ಬಗ್ಗೆ ಉಪನ್ಯಾಸ, ಊರಿನವರು ಯಾರು ಬೇಕಾದರೂ ಬರಬಹುದಿತ್ತು. ನಿನ್ನ ಮೊಮ್ಮಗಳು ಮೂರನೇ ಸಾಲಿನ ತುದಿಯಲ್ಲಿರುವ ನಿನ್ನ ಕುರ್ಚಿ ತೋರಿಸಿ, "ಅಲ್ಲೇ ಕೂರೋಣ" ಅಂತ ಹಟ ಹಿಡಿದಳು. ಅದರಲ್ಲಿ ನಾನು ಕೂತೆ, ಪಕ್ಕದಲ್ಲಿ ಅವಳು.

ಉಪನ್ಯಾಸ ಮುಗೀತು. "ಯಾರಾದ್ರೂ ಪ್ರಶ್ನೆ ಕೇಳ್ತೀರಾ?" ಅಂದರು. ಪ್ರತಿ ಸಲ ಮೊದಲು ನಿನಗೇ ಮೈಕ್ ತಂದುಕೊಡುತ್ತಿದ್ದ ಮಾಮ ಇದ್ದಾರಲ್ಲ, ಅವರು ಸೀದಾ ನಡೆದು ಬಂದು ನನ್ನ ಕೈಗೆ ಮೈಕ್ ಕೊಟ್ಟೇಬಿಟ್ಟರು. ಆಮೇಲೆ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಅಭ್ಯಾಸಬಲ ಕಣಮ್ಮ, ಇಲ್ಲಿ ಕೊಡು."

ನಾನು ಕೊಡಲಿಲ್ಲ. ತಲೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ, ಆದರೂ ಎದ್ದು ನಿಂತೆ. "ಮೊದಲು ಎರಡು ಮಾತು ಹೇಳಿ, ಆಮೇಲೆ ಪ್ರಶ್ನೆಗೆ ಬರ್ತೀನಿ" ಅಂತ ನಿನ್ನ ಮಾತೇ ಬಾಯಿಂದ ಬಂತು. ಇಡೀ ಸಭೆ ಗೊಳ್ಳೆಂದು ನಕ್ಕಿತು. ನಿನ್ನ ಎರಡು ಮಾತು ಯಾವತ್ತು ಎರಡಕ್ಕೆ ನಿಂತಿದ್ದವು ಹೇಳು! ಗುಬ್ಬಿಗಳು ವಲಸೆ ಹೋಗಲ್ಲ ಅಂತ ಗೊತ್ತಿದ್ದೂ, ನಮ್ಮ ಕಿಟಕಿಗೆ ಬರುತ್ತಿದ್ದ ಕುಂಟು ಗುಬ್ಬಿಯ ಪುರಾಣ ಬಿಚ್ಚಿದೆ.

ಮಾತಾಡುತ್ತಲೇ ಓರೆಗಣ್ಣಲ್ಲಿ ಮಗಳನ್ನು ನೋಡಿದೆ. ಅವಳ ವಯಸ್ಸಲ್ಲಿ, ನೀನು ಮೈಕ್ ಹಿಡಿದ ಕೂಡಲೇ ನಾನು ಎದ್ದು ಹಿಂದಿನ ಸಾಲಿಗೆ ಹೋಗುತ್ತಿದ್ದೆ.

ಅವಳು ಏಳಲಿಲ್ಲ ಅಪ್ಪಾ. ನನ್ನ ತೋಳು ಜಗ್ಗಿ ಪಿಸುಗುಟ್ಟಿದಳು: "ಅಮ್ಮಾ, ಗುಬ್ಬಿಗೆ ತಾತ ಇಟ್ಟಿದ್ದ ಹೆಸರೂ ಹೇಳು."